ವೇಲ್ಸಿನ ಶಾಲಾ ಸುಧಾರಣೆಯೂ ವೆಲ್ಷ್ ಭಾಷೆಯೂ: ಒಂದು ವಿಮರ್ಶೆ

ಶಾಲೆಗಳ ಸುಧಾರಣೆಯನ್ನು ಕುರಿತು ಬರೆಯುವವರು ಕಟ್ಟಡ, ಉಪಾಧ್ಯಾಯರು, ಪಠ್ಯಕ್ರಮ, ಅನುದಾನ ಎಂಬ ಶೀರ್ಷಿಕೆಗಳಲ್ಲಿ ವಿಷಯವನ್ನು ಹಂಚಿ, ಭಾಷೆಯನ್ನು ಕೊನೆಯಲ್ಲೊಂದು ಪ್ರತ್ಯೇಕ ಪ್ರಕರಣವಾಗಿ ಸೇರಿಸುವುದು ವಾಡಿಕೆ. ವೇಲ್ಸ್ ದೇಶದ ವಿದ್ಯಾಭ್ಯಾಸದ ಚರಿತ್ರೆಯನ್ನು ಪರಿಶೀಲಿಸಿದರೆ ಈ ವಿಂಗಡಣೆಯೇ ಅನೇಕ ಪ್ರಮಾದಗಳಿಗೆ ಮೂಲವೆಂದು ತೋರುತ್ತದೆ. ಪ್ರಕೃತ ಲೇಖನದಲ್ಲಿ ನಾವು ಅಲ್ಲಿನ ಎರಡು ಸರ್ಕಾರಿ ದಾಖಲೆಗಳನ್ನು, ಎಂದರೆ 1847ರ ವಿಚಾರಣಾ ವರದಿಯನ್ನೂ 2017ರ ‘ಕಮ್ರಾಯ್ಗ್ 2050’ ಎಂಬ ಯೋಜನೆಯನ್ನೂ, ಎದುರುಬದುರಾಗಿಟ್ಟು ವಿಮರ್ಶಿಸಲು ಉದ್ದೇಶಿಸಿದ್ದೇವೆ. ಕಮ್ರಾಯ್ಗ್ ಎಂಬುದು ವೆಲ್ಷ್ ಭಾಷೆಗೆ ಆ ಜನರೇ ಕರೆದುಕೊಳ್ಳುವ ಹೆಸರು. ಮೊದಲನೆಯ ದಾಖಲೆ ಆ ಭಾಷೆಯನ್ನು ವಿಘ್ನವೆಂದು ಎಣಿಸಿತು; ಎರಡನೆಯದು ಸಂಪತ್ತೆಂದು ಎಣಿಸುತ್ತದೆ. ಆದರೂ ಶಾಲೆ ಹಿಡಿದ ದಾರಿಯನ್ನೇ ಸಮಾಜವೂ ಹಿಡಿಯುವುದೆಂಬ ನಂಬಿಕೆ ಎರಡಕ್ಕೂ ಸಮಾನವಾಗಿದೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸಾಧುವೆಂಬುದೇ ನಮ್ಮ ಪ್ರಶ್ನೆ.

ವೇಲ್ಸಿನಲ್ಲಿ ಸರ್ಕಾರವು ವಿದ್ಯಾಭ್ಯಾಸಕ್ಕೆ ಕೈಹಾಕುವುದಕ್ಕೆ ಒಂದು ಶತಮಾನ ಮೊದಲೇ, 1730ರ ದಶಕದಲ್ಲಿ, ಗ್ರಿಫಿತ್ ಜೋನ್ಸ್ ಎಂಬ ಪಾದ್ರಿ ಸಂಚಾರಿ ಶಾಲೆಗಳನ್ನು ಆರಂಭಿಸಿದನು. ಉಪಾಧ್ಯಾಯನು ಒಂದು ಊರಿನಲ್ಲಿ ಕೆಲವು ತಿಂಗಳು ನಿಂತು, ಮಕ್ಕಳಿಗೂ ವಯಸ್ಕರಿಗೂ ಓದುವುದನ್ನು ಕಲಿಸಿ ಮುಂದಿನ ಊರಿಗೆ ಹೋಗುತ್ತಿದ್ದನು. ಜೋನ್ಸನನ್ನು ಪ್ರೇರಿಸಿದುದು ಭಾಷಾಭಿಮಾನವಲ್ಲ, ಬೈಬಲನ್ನು ಜನರು ತಾವೇ ಓದಲೆಂಬ ಧರ್ಮಶ್ರದ್ಧೆ. ಜನರಿಗೆ ತಿಳಿದ ಭಾಷೆ ವೆಲ್ಷ್ ಆದುದರಿಂದ ಅದರಲ್ಲಿಯೇ ಕಲಿಸಿದನು. ಅವನು 1761ರಲ್ಲಿ ತೀರಿಕೊಳ್ಳುವ ವೇಳೆಗೆ ಇಂತಹ ಶಾಲೆಗಳು 3000ಕ್ಕೂ ಮಿಕ್ಕಿ ನಡೆದಿದ್ದುವು. ಸ್ವಂತ ಕಟ್ಟಡವಿಲ್ಲದ ಈ ಶಾಲೆಗಳು ಒಂದು ಜನಾಂಗವನ್ನು ಅಕ್ಷರಸ್ಥವನ್ನಾಗಿ ಮಾಡಿದುದನ್ನು ಮುಂದಿನ ವಿವೇಚನೆಗಾಗಿ ನೆನಪಿನಲ್ಲಿಡಬೇಕು.

1846ರಲ್ಲಿ ಪಾರ್ಲಿಮೆಂಟಿನಲ್ಲಿ ವೇಲ್ಸಿನ ವಿದ್ಯಾಭ್ಯಾಸದ ವಿಚಾರಣೆಯಾಗಬೇಕೆಂಬ ಸೂಚನೆ ಬಂದು, ಲಿಂಗನ್, ಸೈಮನ್ಸ್, ಜಾನ್ಸನ್ ಎಂಬ ಮೂವರು ಆಯುಕ್ತರು ನೇಮಕವಾದರು. ಮೂವರಿಗೂ ವೆಲ್ಷ್ ಬಾರದು. ಮೂವರೂ ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿದವರು. ಜನರಾದರೋ ಬಹುಮಟ್ಟಿಗೆ ಅದರಿಂದ ಬೇರ್ಪಟ್ಟವರು. ನೀಲಿ ರಕ್ಷಾಪುಟದ ಮೂರು ಸಂಪುಟಗಳಲ್ಲಿ ಹೊರಬಂದ ಇವರ ವರದಿ ಜನರ ನೀತಿಯನ್ನೂ ಭಾಷೆಯನ್ನೂ ಹೀನೈಸಿತಾಗಿ, ‘ನೀಲಿ ಪುಸ್ತಕಗಳ ದ್ರೋಹ’ ಎಂದೇ ಇಂದಿಗೂ ಹೆಸರಾಗಿದೆ. ಆದರೆ ವಿಮರ್ಶಕನು ರೋಷದಿಂದ ತೃಪ್ತನಾಗಬಾರದು. ಹಾಳುಬಿದ್ದ ಕಟ್ಟಡ, ತರಬೇತಿಯಿಲ್ಲದ ಉಪಾಧ್ಯಾಯ, ಅರ್ಥವರಿಯದೆ ಇಂಗ್ಲಿಷನ್ನು ಗಿಳಿಪಾಠ ಒಪ್ಪಿಸುವ ಮಗು, ಇವುಗಳನ್ನು ಕುರಿತು ವರದಿ ಹೇಳಿದುದು ಬಹುತೇಕ ನಿಜ. ಮಗುವಿಗೆ ತಿಳಿಯದ ಭಾಷೆಯಲ್ಲಿ ಪಾಠ ನಡೆಯುತ್ತಿರುವುದನ್ನು ಆಯುಕ್ತರು ಕಣ್ಣಾರೆ ಕಂಡರು. ಕಂಡೂ ದೋಷವನ್ನು ಪಾಠದ ಭಾಷೆಯ ಮೇಲೆ ಹೊರಿಸದೆ ಮಗುವಿನ ಭಾಷೆಯ ಮೇಲೆ ಹೊರಿಸಿದರು. ಸಾಕ್ಷ್ಯ ಸರಿಯಾಗಿದ್ದು ತೀರ್ಮಾನ ವಿಪರೀತವಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಅಪೂರ್ವ.

ಈ ವಿಪರೀತ ತೀರ್ಮಾನ ಕಾಗದದಲ್ಲಿಯೇ ಉಳಿಯಲಿಲ್ಲ. ಲಿಂಗನ್ 1849ರಿಂದ ವಿದ್ಯಾಭ್ಯಾಸ ಶಾಖೆಯ ಕಾರ್ಯದರ್ಶಿಯಾದನು. ಅವನ ಕಾಲದಲ್ಲಿಯೇ, 1862ರಲ್ಲಿ, ಪರೀಕ್ಷೆಯ ಫಲಕ್ಕೆ ತಕ್ಕಂತೆ ಅನುದಾನ ಕೊಡುವ ನಿಯಮ ಜಾರಿಗೆ ಬಂದಿತು. ವೆಲ್ಷ್ ಕಲಿಸಿದುದಕ್ಕೆ ಅದರಲ್ಲಿ ಕಾಸಿಲ್ಲ. ಶಾಲೆಯಲ್ಲಿ ವೆಲ್ಷ್ ಆಡಿದ ಮಗುವಿನ ಕೊರಳಿಗೆ ಮರದ ತುಂಡನ್ನು ಕಟ್ಟುವ ‘ವೆಲ್ಷ್ ನಾಟ್’ ಎಂಬ ಶಿಕ್ಷೆಯನ್ನು ಸರ್ಕಾರವೇ ವಿಧಿಸಿತೆಂಬ ಜನಪ್ರಿಯ ಕಥನವನ್ನು ಮಾತ್ರ ನಾವು ಒಪ್ಪಲಾರೆವು. ಅದು ಎಂದೂ ಸರ್ಕಾರದ ಆಜ್ಞೆಯಾಗಿರಲಿಲ್ಲ. ಮಕ್ಕಳಿಗೆ ಇಂಗ್ಲಿಷ್ ಬರಲೆಂದು ಬಯಸಿದ ತಂದೆತಾಯಿಗಳ ಸಮ್ಮತಿಯೂ ಹಲವೆಡೆ ಅದಕ್ಕಿತ್ತು. ನಿಷೇಧಾಜ್ಞೆಯಿಲ್ಲದೆ, ಅನುದಾನದ ನಿಯಮದಿಂದಲೂ ಜೀವನೋಪಾಯದ ಆಸೆಯಿಂದಲೂ ಒಂದು ಭಾಷೆಯನ್ನು ಶಾಲೆಯಿಂದ ಹೊರಡಿಸಬಹುದೆಂಬುದೇ ಇಲ್ಲಿನ ಪಾಠ. 1901ರ ಜನಗಣತಿಯಲ್ಲಿ ಜನಸಂಖ್ಯೆಯ ಸುಮಾರು ಅರ್ಧದಷ್ಟಿದ್ದ ವೆಲ್ಷ್ ಬಲ್ಲವರು 1961ರ ಹೊತ್ತಿಗೆ ನೂರಕ್ಕೆ 26ಕ್ಕೆ ಇಳಿದರು. ಕಲ್ಲಿದ್ದಲ ಗಣಿಗಳ ಸೀಮೆಗೆ ಬಂದ ವಲಸೆ, ಯುದ್ಧಗಳು, ಆರ್ಥಿಕ ಕುಸಿತ ಮೊದಲಾದ ಕಾರಣಗಳೂ ಇದರೊಡನೆ ಕೂಡಿದ್ದುವೆಂಬುದನ್ನು ಮರೆಯಲಾಗದು.

ಪುನರುಜ್ಜೀವನವು ಸರ್ಕಾರದಿಂದ ಆರಂಭವಾಗಲಿಲ್ಲ. 1939ರಲ್ಲಿ ಇವಾನ್ ಅಬ್ ಓವೆನ್ ಎಡ್ವರ್ಡ್ಸ್ ಅಬೆರಿಸ್ಟ್‌ವಿತ್ ಪಟ್ಟಣದಲ್ಲಿ ಏಳು ಮಕ್ಕಳೊಡನೆ ಒಂದು ಖಾಸಗಿ ವೆಲ್ಷ್ ಶಾಲೆಯನ್ನು ತೆರೆದನು. 1947ರಲ್ಲಿ ಲಾನೆಲ್ಲಿಯಲ್ಲಿ ಸ್ಥಳೀಯ ಆಡಳಿತದ ಮೊದಲ ವೆಲ್ಷ್ ಮಾಧ್ಯಮ ಪ್ರಾಥಮಿಕ ಶಾಲೆಯೂ, 1956ರಲ್ಲಿ ಉತ್ತರದಲ್ಲಿ ಗ್ಲಾನ್ ಕ್ಲುಯಿಡ್ ಪ್ರೌಢಶಾಲೆಯೂ, 1962ರಲ್ಲಿ ದಕ್ಷಿಣದ ಗಣಿಸೀಮೆಯಲ್ಲಿ ರಿಡ್‌ವೆಲೆನ್ ಪ್ರೌಢಶಾಲೆಯೂ ಸ್ಥಾಪಿತವಾದುವು. ಇವುಗಳ ಹಿಂದೆ ನಿಂತು ಒತ್ತಾಯಿಸಿದವರು ತಂದೆತಾಯಿಗಳು. ಕಾಲಕ್ರಮದಲ್ಲಿ ಅವರಲ್ಲಿ ತಮಗೆ ವೆಲ್ಷ್ ಬಾರದವರೂ ಅನೇಕರಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಭಾಷೆಯನ್ನು ಕೈಬಿಡಲು ಸಮ್ಮತಿಸಿದ ಮನೆಯೇ ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಮರಳಿ ಕೇಳಿತು. ಎರಡು ಸಂದರ್ಭಗಳಲ್ಲಿಯೂ ಮನೆಯ ಇಚ್ಛೆಯೇ ಶಾಲೆಗೆ ಬಲವನ್ನು ಕೊಟ್ಟಿತು.

ಈ ಹಿನ್ನೆಲೆಯಲ್ಲಿ ‘ಕಮ್ರಾಯ್ಗ್ 2050’ ಯೋಜನೆಯನ್ನು ನೋಡೋಣ. 2050ರ ವೇಳೆಗೆ ಹತ್ತು ಲಕ್ಷ ಮಂದಿ ವೆಲ್ಷ್ ಬಲ್ಲವರಿರಬೇಕು, ಪ್ರತಿ ವರ್ಷದ ತಂಡದಲ್ಲಿ ನೂರಕ್ಕೆ 40 ಮಕ್ಕಳು ವೆಲ್ಷ್ ಮಾಧ್ಯಮದಲ್ಲಿ ಓದಬೇಕು ಎಂಬುದು ಅದರ ಗುರಿ. ಗುರಿ ಶ್ಲಾಘ್ಯವಾದುದು. ಆದರೆ 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು ಸುಮಾರು 5,38,000, ಎಂದರೆ ನೂರಕ್ಕೆ 17.8. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಪ್ರಮಾಣವು 2011ರ 40.3ರಿಂದ 34.3ಕ್ಕೆ ಇಳಿದಿತ್ತು. ಗಣತಿ ಸಾಂಕ್ರಾಮಿಕದ ಕಾಲದಲ್ಲಿ ನಡೆಯಿತೆಂಬುದೂ, ಮಕ್ಕಳ ಪರವಾಗಿ ಸಾಮಾನ್ಯವಾಗಿ ಹಿರಿಯರೇ ಉತ್ತರಿಸುವರೆಂಬುದೂ ನಿಜ. ಹಾಗಿದ್ದರೂ, ಶಾಲೆಯಲ್ಲಿ ಕಲಿತು ಮನೆಯಲ್ಲಿ ಆಡದ ಭಾಷೆಯ ಲೆಕ್ಕ ಎಷ್ಟು ಸಡಿಲವೆಂಬುದನ್ನು ಈ ಅಂಕಿಗಳು ತೋರಿಸಿಕೊಡುತ್ತವೆ. ಬಲ್ಲವರ ಎಣಿಕೆ ಬೇರೆ, ಆಡುವವರ ಎಣಿಕೆ ಬೇರೆ.

ಕಟ್ಟಡದ ಪ್ರಶ್ನೆಯೂ ಭಾಷೆಯ ಪ್ರಶ್ನೆಯೇ ಎಂಬುದಕ್ಕೆ ಪಾಂಟರ್ಡಾವೆಯ ಪ್ರಕರಣ ಸಾಕ್ಷಿ. ಸ್ವಾನ್ಸೀ ಕಣಿವೆಯ ಈ ಪಟ್ಟಣದಲ್ಲಿ ನೀತ್ ಪೋರ್ಟ್ ಟಾಲ್ಬಟ್ ಆಡಳಿತವು ಮೂರು ಪ್ರಾಥಮಿಕ ಶಾಲೆಗಳನ್ನು ಮುಚ್ಚಿ, ಅವುಗಳ ಬದಲು ನವೀನವಾದ ಒಂದು ದೊಡ್ಡ ಇಂಗ್ಲಿಷ್ ಮಾಧ್ಯಮ ಶಾಲೆಯನ್ನು ಕಟ್ಟಲು ನಿರ್ಧರಿಸಿತು. ತಂದೆತಾಯಿಗಳ ಸಂಘವೊಂದು ನ್ಯಾಯಾಲಯಕ್ಕೆ ಹೋಯಿತು. ವೆಲ್ಷ್ ಭಾಷೆಯ ಮೇಲಾಗುವ ಪರಿಣಾಮವನ್ನು ತಕ್ಕಂತೆ ಪರಿಶೀಲಿಸಿಲ್ಲವೆಂದು ಉಚ್ಚ ನ್ಯಾಯಾಲಯವು 2022ರಲ್ಲಿ ಆ ನಿರ್ಧಾರವನ್ನು ರದ್ದುಪಡಿಸಿತು. ಹೊಸ ಕಟ್ಟಡದ ಅಗತ್ಯವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಸುಸಜ್ಜಿತವಾದ ಶಾಲೆ ಮಕ್ಕಳನ್ನು ಆಕರ್ಷಿಸುತ್ತದೆ. ಅದರ ಮಾಧ್ಯಮ ಇಂಗ್ಲಿಷಾದರೆ ಆ ಆಕರ್ಷಣೆಯೂ ಅತ್ತಲೇ. 1862ರಲ್ಲಿ ಅನುದಾನದ ನಿಯಮ ಮಾಡಿದ ಕೆಲಸವನ್ನು ಇಂದು ಇಟ್ಟಿಗೆ ಗಾರೆಗಳು, ಯಾರ ದುರುದ್ದೇಶವೂ ಇಲ್ಲದೆ, ಮಾಡಬಲ್ಲವು.

2025ರಲ್ಲಿ ವೆಲ್ಷ್ ಭಾಷೆ ಮತ್ತು ವಿದ್ಯಾಭ್ಯಾಸದ ಶಾಸನ ಅಂಗೀಕೃತವಾಗಿದೆ. ಶಾಲೆಗಳನ್ನು ಭಾಷೆಗನುಸಾರ ಮೂರು ವರ್ಗಗಳಾಗಿ ವಿಂಗಡಿಸಿ, ಮುಖ್ಯವಾಗಿ ಇಂಗ್ಲಿಷಿನಲ್ಲಿ ನಡೆಯುವ ಶಾಲೆಗಳಲ್ಲಿಯೂ ನೂರಕ್ಕೆ ಹತ್ತರಷ್ಟಾದರೂ ವೆಲ್ಷಿಗೆ ಸಲ್ಲಬೇಕೆಂದು ಅದು ವಿಧಿಸುತ್ತದೆ. ಶಾಲೆ ಬಿಡುವ ಪ್ರತಿಯೊಬ್ಬನೂ 2050ರ ವೇಳೆಗೆ ಭಾಷೆಯನ್ನು ಸ್ವತಂತ್ರವಾಗಿ ಬಳಸಬಲ್ಲವನಾಗಬೇಕೆಂಬುದು ಅದರ ಆಶಯ. ಹತ್ತನೆಯ ಒಂದು ಪಾಲು ಈ ಆಶಯವನ್ನು ಮುಟ್ಟಿಸೀತೆ? ಆರಂಭದ ಮೆಟ್ಟಿಲೆಂದರೆ ಒಪ್ಪಬಹುದು. ಅದೇ ನೆಲೆಯಾಗಿ ನಿಂತರೆ ಆಶಯ ವ್ಯರ್ಥ. ಕಲಿಸಬಲ್ಲ ಉಪಾಧ್ಯಾಯರ ಕೊರತೆ ನೀಗದಿದ್ದರೆ ಆ ಪಾಲೂ ನಾಮಮಾತ್ರವಾದೀತು.

ಒಟ್ಟಿನಲ್ಲಿ, 1847ರ ಆಯುಕ್ತರು ಶಾಲೆಯಿಂದ ಒಂದು ಭಾಷೆಯನ್ನು ಅಳಿಸಬಹುದೆಂದು ನಂಬಿದರು. ಅಳಿಸಲಾರದೆ ಹೋದರು, ಏಕೆಂದರೆ ಅದು ಮನೆಯಲ್ಲಿಯೂ ಪ್ರಾರ್ಥನಾ ಮಂದಿರದಲ್ಲಿಯೂ ಬದುಕಿತ್ತು. ಇಂದಿನವರು ಶಾಲೆಯಿಂದಲೇ ಅದನ್ನು ಉಳಿಸಬಹುದೆಂದು ನಂಬುವುದಾದರೆ ಅದೇ ತಪ್ಪನ್ನು ತಿರುವುಮುರುವಾಗಿ ಮಾಡಿದಂತಾಗುವುದು. ಶಾಲೆ ಅವಶ್ಯ, ಆದರೆ ಶಾಲೆಯೊಂದೇ ಸಾಲದು. ಗ್ರಿಫಿತ್ ಜೋನ್ಸನ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಅಲ್ಲಿ ಕಲಿತುದನ್ನು ಮರುದಿನವೇ ಬಳಸುವ ಮನೆ ಇತ್ತು. ಇಂದು ಕಟ್ಟಡಗಳು ಏಳುತ್ತಿವೆ. ಆ ಮನೆಯನ್ನು ಮರಳಿ ಪಡೆಯುವ ಕಾರ್ಯ ಇನ್ನೂ ಮುಂದಿದೆ.