ಕಾತ್ಯಾಯನಿಗೆ ಮಾತ್ರ ಏಕೆ ದಂಡ?

ದೇವರಾಯನದುರ್ಗದ ಬುಡದಲ್ಲಿ ಭೋಗನರಸಿಂಹ, ನೆತ್ತಿಯ ಮೇಲೆ ಯೋಗನರಸಿಂಹ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯಿಂದ ಬಂದವರು ಕೆಳಗೊಮ್ಮೆ ಕೈಮುಗಿದು ಮೇಲಕ್ಕೆ ಹತ್ತುತ್ತಾರೆ. ಭೋಗ, ಯೋಗ ಎರಡರಲ್ಲಿ ಯಾವುದು ಹೆಚ್ಚೆಂದು ಯಾರೂ ಕೇಳುವುದಿಲ್ಲ. ಎಸ್.ಎಲ್. ಭೈರಪ್ಪನವರ ಕಾದಂಬರಿ ‘ವಂಶವೃಕ್ಷ’ (1965) ಕೇಳುತ್ತದೆ, ಉತ್ತರವನ್ನೂ ಕೊಡುತ್ತದೆ. ನನ್ನ ತಕರಾರು ಆ ಉತ್ತರದ ಬಗ್ಗೆ.

ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ನಂಜುಂಡ ಕಪಿಲೆಯಲ್ಲಿ ಮುಳುಗಿ ಸಾಯುತ್ತಾನೆ. ಅವನ ಎಳೆಯ ಹೆಂಡತಿ ಕಾತ್ಯಾಯನಿ ಹಸುಗೂಸನ್ನು ಅತ್ತೆ ಮಾವಂದಿರ ಬಳಿ ಬಿಟ್ಟು ರೈಲಿನಲ್ಲಿ ಮೈಸೂರಿನ ಕಾಲೇಜಿಗೆ ಹೋಗಿಬರುತ್ತಾಳೆ, ಅಲ್ಲಿ ರಾಜ ಎಂಬುವನನ್ನು ಮೆಚ್ಚುತ್ತಾಳೆ, ಮದುವೆಯಾಗುತ್ತಾಳೆ. ಮಗ ಚೀನಿ ಶ್ರೋತ್ರಿಗಳ ಮನೆಯಲ್ಲೇ ಉಳಿಯುತ್ತಾನೆ, ವಂಶದ ಕುಡಿಯಾಗಿ. ಆಮೇಲೆ ಅವಳ ಗರ್ಭ ಮತ್ತೆ ಮತ್ತೆ ಇಳಿಯುತ್ತದೆ. ಇದು ತನ್ನ ಪಾಪದ ಫಲವೆಂದು ಅವಳು ನಂಬುತ್ತಾಳೆ, ನವೆಯುತ್ತಾಳೆ.

ಭೈರಪ್ಪನವರ ಕಡೆಯವರು ಹೇಳುವುದುಂಟು: ಪಾಪವೆಂದದ್ದು ಅವಳ ಮನಸ್ಸು, ಲೇಖಕರಲ್ಲ. ಒಪ್ಪೋಣ. ಆ ಅಳುಕನ್ನು ಅವರು ಬಿಡಿಸುವ ಪುಟಗಳು ಕನ್ನಡದಲ್ಲಿ ಅಪರೂಪದವು. ಮಡಿ ಉಟ್ಟ ಮೈಯ ಆಸೆಯನ್ನು ಹೀಗಳೆಯದೆ ಬರೆದ ಗಂಡಸರು ಆ ಕಾಲದಲ್ಲಿ ಎಷ್ಟು ಮಂದಿ? ಆದರೆ ಗರ್ಭ ಇಳಿಸಿದ್ದು ಮನಸ್ಸಲ್ಲ, ಕಥೆ. ಅದೇ ಕಥೆ ರಾಜನ ಅಣ್ಣ ಸದಾಶಿವರಾಯನನ್ನು ಹೇಗೆ ನೋಡುತ್ತದೆ? ಹೆಂಡತಿ ನಾಗಲಕ್ಷ್ಮಿ ಬದುಕಿರುವಾಗಲೇ ಅವನು ಸಂಶೋಧನೆಗೆ ಜೊತೆಯಾದ ಕರುಣಾಳನ್ನು ಮದುವೆಯಾಗುತ್ತಾನೆ. ಅವನೂ ಸಾಯುತ್ತಾನೆ ನಿಜ, ಆದರೆ ಗ್ರಂಥಕ್ಕಾಗಿ ಸವೆದ ವಿದ್ವಾಂಸನ ಗೌರವದ ಸಾವು ಅದು. ಗಂಡನನ್ನು ಕಳೆದುಕೊಂಡ ಮೇಲೆ ಮದುವೆಯಾದವಳಿಗೆ ಇಷ್ಟು ದಂಡ, ಹೆಂಡತಿ ಇರುವಾಗಲೇ ಆದವನಿಗೆ ಅಷ್ಟು ರಿಯಾಯಿತಿ!

ಕಾನೂನು ಕೂಡ ಹೀಗೆಯೇ ಲೆಕ್ಕ ಹಾಕಿತ್ತು. ಬ್ರಿಟಿಷ್ ಇಂಡಿಯಾದ 1856ರ ವಿಧವಾ ವಿವಾಹ ಕಾಯ್ದೆ ಮರುಮದುವೆಗೆ ದಾರಿ ಬಿಟ್ಟಿತು, ಜೊತೆಗೇ ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಕಿತ್ತುಕೊಂಡಿತು. ಹಾಗಿದ್ದರೂ 1899ರ ‘ಇಂದಿರಾಬಾಯಿ’ ಕಾದಂಬರಿಯಲ್ಲಿ ಗುಲ್ವಾಡಿ ವೆಂಕಟರಾಯರು ವಿಧವೆಗೆ ಮದುವೆ ಮಾಡಿಸಿ ನೆಮ್ಮದಿಯಾಗಿಯೇ ಕಥೆ ಮುಗಿಸಿದ್ದರು. ಕಲೆಯಾಗಿ ‘ವಂಶವೃಕ್ಷ’ ಅದಕ್ಕಿಂತ ಬಹಳ ದೊಡ್ಡದು, ಧೈರ್ಯದಲ್ಲಿ ಮಾತ್ರ ಹಿಂದೆ.

ಆದರೂ ಕಾದಂಬರಿ ತನ್ನ ತೀರ್ಪಿಗೆ ತಾನೇ ಕೊಡಲಿ ಹಾಕಿಕೊಳ್ಳುತ್ತದೆ. ತಾವು ಶ್ರೋತ್ರಿಯ ರಕ್ತದವರೇ ಅಲ್ಲವೆಂಬ ಸತ್ಯ ಕೊನೆಗೆ ಶ್ರೋತ್ರಿಗಳಿಗೆ ತಿಳಿಯುತ್ತದೆ. ಹಾಗಾದರೆ ತಾಯಿಯಿಂದ ಮಗನನ್ನು ಅಗಲಿಸಿದ್ದು ಯಾವ ವಂಶಕ್ಕಾಗಿ? ಈ ಪ್ರಶ್ನೆ ಏಳುವಷ್ಟರಲ್ಲಿ ಕಾತ್ಯಾಯನಿ ಸಾವಿನ ಹಾಸಿಗೆ ಹಿಡಿದಿದ್ದಾಳೆ. ಶ್ರೋತ್ರಿಗಳಿಗೆ ಸನ್ಯಾಸದ ದಾರಿಯಿದೆ, ಅವಳಿಗೆ ಅದೂ ಇಲ್ಲ.

ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ‘ವಂಶವೃಕ್ಷ’ವನ್ನು ಸಿನಿಮಾ ಮಾಡಿದರು, ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಎಲ್.ವಿ. ಶಾರದಾ ಅವರ ಕಾತ್ಯಾಯನಿಯನ್ನು ನೋಡಿದವರಿಗೆ ಅವಳ ಪರ ವಾದವೇ ಬೇಕಾಗುವುದಿಲ್ಲ. ಆದರೆ ಕಾದಂಬರಿಯನ್ನೂ ಓದಿ, ನಾಗಲಕ್ಷ್ಮಿಯ ಪುಟಗಳನ್ನು ಹಾರಿಸದೆ ಓದಿ. ನಿಷ್ಠೆಯಲ್ಲಿ ಒಂದಿಷ್ಟೂ ಕೊರತೆ ಮಾಡದ ಆ ಹೆಂಗಸಿಗೆ ಕಥೆ ಕೊಟ್ಟದ್ದೇನು? ರಾಮನಾಮ ಬರೆಯಲು ಒಂದು ಪುಸ್ತಕ.