ಅಕ್ಷರಗಳ ನಗರ: ಕ್ರಿಸ್ಟೀನ್ ದ ಪಿಜಾನ್‌ಳ ಬದುಕು-ಬರಹ

ಯುರೋಪಿನ ಮಧ್ಯಯುಗದ ಸಾಹಿತ್ಯ ಚರಿತ್ರೆಯಲ್ಲಿ ಬರವಣಿಗೆಯನ್ನೇ ಜೀವನೋಪಾಯವಾಗಿಸಿಕೊಂಡ ಮೊದಲ ಮಹಿಳೆಯರ ಸಾಲಿನಲ್ಲಿ ಕ್ರಿಸ್ಟೀನ್ ದ ಪಿಜಾನ್‌ಳ ಹೆಸರು ಪ್ರಮುಖವಾದುದು. ಆಕೆ ಹುಟ್ಟಿದ್ದು 1364ರ ಸುಮಾರಿಗೆ ಇಟಲಿಯ ವೆನಿಸ್ಸಿನಲ್ಲಿ. ಬದುಕಿದ್ದು, ಬರೆದದ್ದು ಫ್ರಾನ್ಸಿನಲ್ಲಿ. ತಂದೆ ತೊಮ್ಮಾಸೊ ಫ್ರೆಂಚ್ ದೊರೆ ಐದನೆಯ ಚಾರ್ಲ್ಸನ ಆಸ್ಥಾನದಲ್ಲಿ ವೈದ್ಯ ಹಾಗೂ ಜ್ಯೋತಿಷಿಯಾಗಿ ನೆಲೆಸಿದಾಗ, ಬಾಲ್ಯದಲ್ಲಿಯೇ ಆಕೆಯೂ ಪ್ಯಾರಿಸ್ಸಿಗೆ ಬಂದಳು. ಮಗಳ ವಿದ್ಯೆಗೆ ತಂದೆಯ ಒತ್ತಾಸೆಯಿತ್ತು. ತಾಯಿಗೆ ಮಗಳು ನೂಲುವುದನ್ನು ಕಲಿತರೆ ಸಾಕಿತ್ತು. ಈ ದ್ವಂದ್ವವನ್ನು ಆಕೆಯೇ ತನ್ನ ಕೃತಿಯಲ್ಲಿ ದಾಖಲಿಸಿದ್ದಾಳೆ.

ರಾಜನ ಕಾರ್ಯದರ್ಶಿಯಾಗಿದ್ದ ಪತಿ ಎಟಿಯೆನ್ ಸಾಂಕ್ರಾಮಿಕ ರೋಗಕ್ಕೆ ಬಲಿಯಾದಾಗ ಆಕೆಗೆ ಇನ್ನೂ ಇಪ್ಪತ್ತೈದರ ಆಸುಪಾಸು. ತಂದೆಯೂ ಆಗ ಇರಲಿಲ್ಲ. ಮಕ್ಕಳು, ತಾಯಿ, ಸೋದರ ಸಂಬಂಧಿಯಾದ ಒಬ್ಬ ಹುಡುಗಿ ಇವರೆಲ್ಲರ ಹೊಣೆಯ ಜೊತೆಗೆ, ಪತಿಗೆ ಸಲ್ಲಬೇಕಾದ ಹಣಕ್ಕಾಗಿ ಹಲವು ವರ್ಷ ನ್ಯಾಯಾಲಯಗಳಿಗೆ ಅಲೆಯಬೇಕಾಯಿತು. ಶೋಕದ ಕವಿತೆಗಳಿಂದ ಆರಂಭವಾದ ಬರಹ ಕ್ರಮೇಣ ಸಂಪಾದನೆಯ ದಾರಿಯಾಯಿತು. ವಿಧಿಯ ತಿರುವನ್ನು ಕುರಿತ 1403ರ ದೀರ್ಘಕಾವ್ಯದಲ್ಲಿ, ನಾವಿಕನಾದ ಪತಿ ಕಡಲ ಪಾಲಾದ ಮೇಲೆ ತಾನೇ ಗಂಡಾಗಿ ಮಾರ್ಪಟ್ಟು ಹಡಗಿನ ಚುಕ್ಕಾಣಿ ಹಿಡಿದೆನೆಂದು ಆಕೆ ಹೇಳುತ್ತಾಳೆ. ದುಡಿದು ಮನೆ ನಡೆಸುವ ಹೆಣ್ಣಿಗೆ ಅಂದಿನ ಸಮಾಜದಲ್ಲಿ ಹೆಸರೇ ಇರಲಿಲ್ಲವೆಂಬ ಸತ್ಯ ಈ ರೂಪಕದ ಹಿಂದಿದೆ.

ಆಸ್ಥಾನವನ್ನು ಆಶ್ರಯಿಸಿ ಬದುಕಬೇಕಾದ ಪರದೇಶಿ ವಿಧವೆ ಪ್ರಭಾವಶಾಲಿಗಳನ್ನು ಎದುರುಹಾಕಿಕೊಳ್ಳುವುದು ಸುಲಭವಲ್ಲ. ಆದರೂ 1401-02ರಲ್ಲಿ, ಫ್ರೆಂಚರು ತಲೆಯ ಮೇಲೆ ಹೊತ್ತಿದ್ದ 'ಗುಲಾಬಿಯ ಕಥನ'ದಲ್ಲಿ ಜಾನ್ ದ ಮನ್ ಹೆಣ್ಣನ್ನು ಚಿತ್ರಿಸಿದ ರೀತಿಯನ್ನು ಆಕೆ ಬಹಿರಂಗವಾಗಿ ಖಂಡಿಸಿದಳು. ರಾಜನ ಕಾರ್ಯದರ್ಶಿಗಳೇ ಪ್ರತಿವಾದಿಗಳಾಗಿದ್ದರು. ಈ ವಾಗ್ವಾದದಲ್ಲಿ ಆಕೆ ಆ ಕೃತಿಗಿಂತ ಮೇಲೆಂದು ಎತ್ತಿ ತೋರಿಸಿದ್ದು ಇಟಲಿಯ ದಾಂತೆಯನ್ನು. ತವರಿನ ಭಾಷೆ ಇಲ್ಲಿ ಬರಿಯ ಹಂಬಲವಾಗಿ ಉಳಿಯದೆ, ಪರನಾಡಿನ ಮೌಲ್ಯಗಳನ್ನು ತೂಗುವ ತಕ್ಕಡಿಯಾಗಿದೆ ಎಂಬುದು ಗಮನಾರ್ಹ.

ಈ ದೃಷ್ಟಿಯ ಪರಿಪಕ್ವ ರೂಪ 1405ರ 'ಸ್ತ್ರೀಯರ ನಗರ'. ಹೆಣ್ಣನ್ನು ಹಳಿಯುವ ಗ್ರಂಥವೊಂದನ್ನು ಓದಿ, ಹೆಣ್ಣಾಗಿ ಹುಟ್ಟಿದ್ದಕ್ಕೇ ಮರುಗುತ್ತ ಕುಳಿತ ಕ್ರಿಸ್ಟೀನ್‌ಳಿಗೆ ವಿವೇಕ, ಋಜುತ್ವ, ನ್ಯಾಯ ಎಂಬ ಮೂವರು ದೇವಿಯರು ಕಾಣಿಸಿಕೊಂಡು, ಹೆಂಗಸರಿಗಾಗಿ ಕೋಟೆಯ ನಗರವೊಂದನ್ನು ಕಟ್ಟಲು ಹೇಳುತ್ತಾರೆ. ಅಕ್ಷರವೇ ಅದರ ನೆಲ, ಸ್ತ್ರೀಯರ ಕಥೆಗಳೇ ಕಲ್ಲುಗಳು. ಈ ಕಥೆಗಳಲ್ಲಿ ಬಹಳಷ್ಟು ಬೊಕಾಚೊನ ಲ್ಯಾಟಿನ್ ಕೃತಿಯಿಂದ ಬಂದವು. ಆದರೆ ಅವನಿಗೆ ಸಾಧಕಿಯರು ಸ್ತ್ರೀಸ್ವಭಾವವನ್ನು ಮೀರಿದ ಅಪವಾದಗಳು. ಇವಳಿಗೆ ಅವರು ಆ ಸ್ವಭಾವದ ಸಾಕ್ಷಿಗಳು. ಮಗನನ್ನೇ ಕೂಡಿದಳೆಂದು ಅವನು ಜರೆದ ರಾಣಿ ಸೆಮಿರಾಮಿಸ್ ಇಲ್ಲಿ ಅಡಿಪಾಯದ ಮೊದಲ ಕಲ್ಲು. ಆಗಿನ್ನೂ ಲಿಖಿತ ಶಾಸನವಿರಲಿಲ್ಲವೆಂಬುದು ಕ್ರಿಸ್ಟೀನ್‌ಳ ಸಮರ್ಥನೆ. ಆಕರ ಒಂದೇ ಆದರೂ ನ್ಯಾಯಪೀಠ ಬದಲಾಗಿದೆ.

ಆದರೂ ಆಕೆಯನ್ನು ಆಧುನಿಕ ಅರ್ಥದ ಸ್ತ್ರೀವಾದಿಯೆಂದು ಕರೆಯುವಲ್ಲಿ ಎಚ್ಚರ ಅಗತ್ಯ. ಅದೇ ಕೃತಿಯ ಕೊನೆಯಲ್ಲಿ, ಕ್ರೂರ ಗಂಡಂದಿರನ್ನು ಸಹನೆಯಿಂದ ತಿದ್ದಬೇಕೆಂದು ಪತ್ನಿಯರಿಗೆ ಉಪದೇಶವಿದೆ. ಸಮಾಜದ ಶ್ರೇಣೀಕರಣವನ್ನು ಆಕೆ ಪ್ರಶ್ನಿಸಲಿಲ್ಲ. ಆಕೆ ಪ್ರಶ್ನಿಸಿದ್ದು ಹೆಣ್ಣಿನ ಬಗ್ಗೆ ಬರೆಯುವ ಅಧಿಕಾರ ಯಾರದೆಂಬುದನ್ನು. ಆ ಮಿತಿಯೊಳಗೇ ಆಕೆಯ ಕ್ರಾಂತಿಕಾರಕತೆಯನ್ನು ಗುರುತಿಸಬೇಕಾಗಿದೆ.

ಈ ಅಧಿಕಾರ ಎಷ್ಟು ದುರ್ಬಲವಾಗಿತ್ತೆಂಬುದಕ್ಕೆ ಆಕೆಯ ಯುದ್ಧನೀತಿ ಗ್ರಂಥದ ಕಥೆಯೇ ನಿದರ್ಶನ. 1488ರಲ್ಲಿ ಪ್ಯಾರಿಸ್ಸಿನ ಮುದ್ರಕ ವೆರಾರ್ ಅದನ್ನು ರೋಮನ್ ಲೇಖಕ ವೆಜಿಷಿಯಸ್‌ನ ಹೆಸರಿನೊಡನೆ ತಳುಕುಹಾಕಿ, ಆಕೆಯ ಹೆಸರನ್ನು ಬಿಟ್ಟು ಪ್ರಕಟಿಸಿದ. ಮರುವರ್ಷ ಇಂಗ್ಲೆಂಡಿನ ಕ್ಯಾಕ್ಸ್‌ಟನ್‌ನ ಅನುವಾದದಲ್ಲಿ ಹೆಸರು ಉಳಿಯಿತು.

1418ರಲ್ಲಿ ಅಂತರ್ಯುದ್ಧದಿಂದ ಪ್ಯಾರಿಸ್ ತೊರೆದು ಮಠ ಸೇರಿದ ಆಕೆ, ಹನ್ನೊಂದು ವರ್ಷಗಳ ಬಳಿಕ, 1429ರ ಜುಲೈ 31ರಂದು ಜೋನ್ ಆಫ್ ಆರ್ಕ್‌ಳನ್ನು ಕುರಿತ ಕವಿತೆಯನ್ನು ಮುಗಿಸಿದಳು. ಕಾವ್ಯದಲ್ಲಿ ಕಟ್ಟಿದ ನಗರಕ್ಕೆ ಕೊನೆಗೊಬ್ಬಳು ಜೀವಂತ ನಾಯಕಿ ದೊರೆತಿದ್ದಳು. ವೆನಿಸ್ಸಿನಲ್ಲಿ ಹುಟ್ಟಿದವಳು ಫ್ರಾನ್ಸಿನ ಗೆಲುವನ್ನು ತನ್ನದೆಂಬಂತೆ ಹಾಡಿದಳು. ಬರಹವೇ ಆಕೆಗೆ ಪೌರತ್ವವನ್ನು ದೊರಕಿಸಿಕೊಟ್ಟಿತ್ತು.