ಅಪರಿಚಿತ ವರ ಮತ್ತು ಥ್ರಿಲ್ಲರ್ ಕಾದಂಬರಿ

ಮೊದಲ ಮಹಾಯುದ್ಧದ ಕಾಲದಲ್ಲಿ ಪ್ಯಾರಿಸ್ಸಿನ ಪತ್ರಿಕೆಗಳಲ್ಲಿ ವಧು ಬೇಕಾಗಿದೆ ಎಂದು ಜಾಹೀರಾತು ಕೊಡುತ್ತಿದ್ದ ಆನ್ರಿ ಲಾಂದ್ರು ಎಂಬಾತನ ಹತ್ತಿರ ಲೆಕ್ಕ ಬರೆಯುವ ಒಂದು ಪುಟ್ಟ ಪುಸ್ತಕವಿತ್ತು. ತಾನು ವಿಧುರ, ಸ್ಥಿತಿವಂತ ಎಂದು ನಂಬಿಸಿ ಒಂಟಿ ಹೆಂಗಸರನ್ನು ಊರಾಚೆಯ ಮನೆಗೆ ಕರೆದುಕೊಂಡು ಹೋಗುವಾಗ ಆದ ರೈಲಿನ ಖರ್ಚನ್ನೂ ಆತ ಅದರಲ್ಲಿ ಬರೆದಿಡುತ್ತಿದ್ದ. ತನಗೆ ಹೋಗಿಬರುವ ಟಿಕೆಟ್, ಅವಳಿಗೆ ಹೋಗುವುದಕ್ಕೆ ಮಾತ್ರ. ಹತ್ತು ಹೆಂಗಸರನ್ನೂ ಅವರಲ್ಲಿ ಒಬ್ಬಳ ಹದಿಹರೆಯದ ಮಗನನ್ನೂ ಕೊಂದದ್ದಕ್ಕಾಗಿ 1922ರಲ್ಲಿ ಅವನ ತಲೆ ಕಡಿಯಲಾಯಿತು.

ಈ ಲೆಕ್ಕದ ಪುಸ್ತಕದಷ್ಟು ಎದೆ ನಡುಗಿಸುವ ಪುಟ ಈಚಿನ ಡೇಟಿಂಗ್ ಥ್ರಿಲ್ಲರ್‌ಗಳಲ್ಲಿ ಅಪರೂಪ. ಆ್ಯಪ್‌ನಲ್ಲಿ ಪರಿಚಯವಾದ ಚೆಲುವ, ಮೊದಲ ಭೇಟಿ, ಅವನ ಮಾತಿನಲ್ಲಿ ಒಂದು ಸಣ್ಣ ಸುಳ್ಳು, ಕೊನೆಗೊಂದು ಹೆಣ: ಈ ಅಚ್ಚಿನಲ್ಲಿ ಹತ್ತು ವರ್ಷಗಳಿಂದ ಇಂಗ್ಲಿಷಿನಲ್ಲಿ ಕಾದಂಬರಿಗಳು ಸಾಲುಗಟ್ಟಿ ಬರುತ್ತಿವೆ. ಪ್ರಕಾಶಕರು ಇವನ್ನು ನಮ್ಮ ಕಾಲದ ಹೊಸ ಭಯದ ಕಥೆಗಳೆಂದು ಮಾರುತ್ತಾರೆ. ಭಯ ಹೊಸದಲ್ಲ. ಹೊಸದಾದದ್ದು ಏನು ಎಂಬುದನ್ನು ಈ ಪರಂಪರೆಯ ಒಂದೆರಡು ಕೃತಿಗಳು ಮಾತ್ರ ಹಿಡಿದಿವೆ. ಉಳಿದವು ತಪ್ಪು ಜಾಗದಲ್ಲಿ ಅಪಾಯವನ್ನು ಹುಡುಕುತ್ತಿವೆ ಎನ್ನುವುದು ನನ್ನ ತಕರಾರು.

ಲಾಂದ್ರುವನ್ನು ಫ್ರೆಂಚ್ ಪತ್ರಿಕೆಗಳು 'ನೀಲಿಗಡ್ಡ' ಎಂದು ಕರೆದವು. ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಕಥೆಯ ಶ್ರೀಮಂತ ಗಂಡನ ಹೆಸರು ಅದು. ಅವನ ಹಿಂದಿನ ಹೆಂಡಿರು ಏನಾದರೆಂದು ಯಾರಿಗೂ ಗೊತ್ತಿಲ್ಲ. ಬೀಗ ಹಾಕಿದ ಒಂದು ಕೋಣೆಯಲ್ಲಿ ಅವರ ಹೆಣಗಳಿವೆ. ಮದುವೆಯಾದ ಮೇಲಷ್ಟೇ ಗಂಡಿನ ನಿಜ ತಿಳಿಯುವುದಾದರೆ ಅಷ್ಟು ಹೊತ್ತಿಗೆ ಹೆಣ್ಣು ಎಲ್ಲಿರುತ್ತಾಳೆ ಎಂಬ ಪ್ರಶ್ನೆ ಇಡೀ ಪರಂಪರೆಯ ಬೇರು. ಅಗಾಥಾ ಕ್ರಿಸ್ಟಿ 1924ರಲ್ಲಿ ಬರೆದ 'ಫಿಲೊಮೆಲ್ ಕಾಟೇಜ್' ಕಥೆ ಅದೇ ಬೇರಿನಿಂದ ಚಿಗುರಿದ್ದು. ಆಲಿಕ್ಸ್ ಎಂಬ ದುಡಿಯುವ ಹೆಣ್ಣುಮಗಳಿಗೆ ಅನಿರೀಕ್ಷಿತವಾಗಿ ಆಸ್ತಿ ಬರುತ್ತದೆ, ಅಲ್ಪ ಪರಿಚಯದ ಗಂಡಸೊಬ್ಬನನ್ನು ಮದುವೆಯಾಗುತ್ತಾಳೆ. ಡ್ರಾಯರ್‌ನಲ್ಲಿ ಸಿಕ್ಕ ಹಳೆಯ ಪತ್ರಿಕೆಯ ತುಣುಕುಗಳಿಂದ ತನ್ನ ಗಂಡನೇ ಹೆಂಡಿರನ್ನು ಕೊಲ್ಲುವವನೆಂದು ಅವಳಿಗೆ ಗೊತ್ತಾಗುತ್ತದೆ. ಆ ರಾತ್ರಿ ಓಡಿಹೋಗಲು ದಾರಿಯಿಲ್ಲ. ಆಗ ಅವಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕಥೆ ಕಟ್ಟುತ್ತಾಳೆ: ತಾನೂ ಹಿಂದೆ ಗಂಡಂದಿರಿಗೆ ವಿಷವಿಕ್ಕಿದವಳು ಎಂದು. ಅವನು ಆಗಷ್ಟೇ ಅವಳು ಕೊಟ್ಟ ಕಾಫಿ ಕುಡಿದಿದ್ದಾನೆ. ಕಾಫಿ ಕಹಿಯಾಗಿತ್ತು ಎಂದು ಅವನಿಗೆ ನೆನಪಾಗುತ್ತದೆ. ಆ ಹೆದರಿಕೆಯಲ್ಲೇ ಅವನ ಪ್ರಾಣ ಹೋಗುತ್ತದೆ.

ನೂರು ವರ್ಷದ ಹಿಂದಿನ ಈ ಸಣ್ಣ ಕಥೆಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಮೋಸಗಾರನ ಬಂಡವಾಳವೇ ಕಥೆ. ಅದೇ ಬಂಡವಾಳ ಹೆಣ್ಣಿನ ಕೈಗೂ ಬರಬಹುದೆಂದು ಕ್ರಿಸ್ಟಿ ತೋರಿಸಿದರು. ಆಲಿಕ್ಸ್ ಪ್ರೀತಿಗೆ ಆಸೆಪಟ್ಟಳೆಂದು ಲೇಖಕಿ ಅವಳಿಗೆ ಶಿಕ್ಷೆ ಕೊಡಲಿಲ್ಲ.

ಆ ಶಿಕ್ಷೆ ಶುರುವಾದದ್ದು ಮುಂದೆ, ಅಮೆರಿಕದಲ್ಲಿ. ಜುಡಿತ್ ರಾಸ್ನರ್ ಅವರ 'ಲುಕಿಂಗ್ ಫಾರ್ ಮಿಸ್ಟರ್ ಗುಡ್‌ಬಾರ್' 1975ರಲ್ಲಿ ಬಂತು. ಹಗಲು ಶಾಲೆಯಲ್ಲಿ ಪಾಠ ಹೇಳಿ, ರಾತ್ರಿ ನ್ಯೂಯಾರ್ಕಿನ ಬಾರ್‌ಗಳಲ್ಲಿ ಅಪರಿಚಿತರ ಸಂಗ ಹುಡುಕುವ ತೆರೇಸಾ ಅವರಲ್ಲೊಬ್ಬನಿಂದ ಕೊಲೆಯಾಗುತ್ತಾಳೆ. ಕಾದಂಬರಿ ಆರಂಭವಾಗುವುದೇ ಕೊಲೆಗಾರನ ಹೇಳಿಕೆಯಿಂದ. ಹಾಗಾಗಿ ಓದುಗರಿಗೆ ಅಂತ್ಯ ಮೊದಲೇ ಗೊತ್ತು. ರಾಸ್ನರ್ ಸೂಕ್ಷ್ಮ ಲೇಖಕಿ. ಬಾಲ್ಯದ ಪೋಲಿಯೋ, ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ, ಕ್ಯಾಥೊಲಿಕ್ ಮನೆತನದ ಬಿಗಿ, ಎಲ್ಲವೂ ಸೇರಿ ತೆರೇಸಾಳನ್ನು ಹೇಗೆ ರೂಪಿಸಿದವು ಎಂದು ತಾಳ್ಮೆಯಿಂದ ಬಿಡಿಸಿಡುತ್ತಾರೆ. ಆಮೇಲೆ ಬಂದವರು ಆ ತಾಳ್ಮೆಯನ್ನು ಬಿಟ್ಟು ಅಂತ್ಯವನ್ನಷ್ಟೇ ಎತ್ತಿಕೊಂಡರು. ಹೊರಗೆ ಹೋದಳು, ಸತ್ತಳು. 1991ರಲ್ಲಿ ಮೇರಿ ಹಿಗಿನ್ಸ್ ಕ್ಲಾರ್ಕ್ ಬರೆದ 'ಲವ್ಸ್ ಮ್ಯೂಸಿಕ್, ಲವ್ಸ್ ಟು ಡಾನ್ಸ್' ಈ ದೃಷ್ಟಿಯಿಂದ ಕುತೂಹಲದ ಕೃತಿ. ಸ್ನೇಹ ಬಯಸಿ ಪತ್ರಿಕೆಯಲ್ಲಿ ಕೊಡುವ ವೈಯಕ್ತಿಕ ಜಾಹೀರಾತುಗಳ ಮೂಲಕ ಹೆಣ್ಣುಮಕ್ಕಳನ್ನು ಬಲೆಗೆ ಹಾಕಿಕೊಳ್ಳುವ ಕೊಲೆಗಾರನ ಕಥೆ ಅದು. ಮ್ಯಾಚ್ ಡಾಟ್ ಕಾಮ್ ಎಂಬ ಡೇಟಿಂಗ್ ತಾಣ ಇನ್ನೂ ನಾಲ್ಕು ವರ್ಷ ದೂರದಲ್ಲಿತ್ತು. ಇವತ್ತಿನ ಡೇಟಿಂಗ್ ಥ್ರಿಲ್ಲರ್‌ನ ಕಥಾಹಂದರವೆಲ್ಲ ಅಲ್ಲಿ ಸಿದ್ಧವಾಗಿದೆ. ಜಾಹೀರಾತಿನ ಜಾಗದಲ್ಲಿ ಪ್ರೊಫೈಲ್ ಬಂದರೆ ಆಯಿತು.

2012ರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಡೇಟಿಂಗ್ ಆ್ಯಪ್ ಟಿಂಡರ್ ಶುರುವಾಯಿತು, ಗಿಲಿಯನ್ ಫ್ಲಿನ್ ಅವರ 'ಗಾನ್ ಗರ್ಲ್' ಪ್ರಕಟವಾಯಿತು. ಫ್ಲಿನ್ ಅವರ ಕಾದಂಬರಿಯಲ್ಲಿ ಡೇಟಿಂಗ್ ತಾಣವಿಲ್ಲ. ಆದರೆ ಅದರ ನಾಯಕಿ ಏಮಿ ಬರೆದಿಟ್ಟ ಸುಳ್ಳು ದಿನಚರಿ ಒಂದು ಪ್ರೊಫೈಲ್ ಅಲ್ಲದೆ ಇನ್ನೇನು? ನೋಡುವವರು ಯಾರನ್ನು ಬಯಸುತ್ತಾರೋ ಆ ಹೆಣ್ಣನ್ನು ಅವಳು ಅಕ್ಷರದಲ್ಲಿ ಕಡೆದು ನಿಲ್ಲಿಸುತ್ತಾಳೆ. ಮರುವರ್ಷ ಲೇಖಕಿ ಜೂಲಿಯಾ ಕ್ರೌಚ್ ಈ ಬಗೆಯ ಬರವಣಿಗೆಗೆ 'ಡೊಮೆಸ್ಟಿಕ್ ನುವಾರ್' ಎಂಬ ಹೆಸರು ಕೊಟ್ಟರು. ಹೊರಗಿನ ಕತ್ತಲಿಗಿಂತ ಮನೆಯೊಳಗಿನ ಕತ್ತಲು ದಟ್ಟ ಎನ್ನುವುದು ಈ ಪಂಥದ ನಿಲುವು, ಮತ್ತು ಅದು ಸತ್ಯಕ್ಕೆ ಹತ್ತಿರದ ನಿಲುವು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಉದ್ದೇಶಪೂರ್ವಕ ಕೊಲೆಗೆ ಬಲಿಯಾದ ಸುಮಾರು 85,000 ಹೆಣ್ಣುಮಕ್ಕಳಲ್ಲಿ 51,100 ಮಂದಿಯನ್ನು ಕೊಂದವರು ಸಂಗಾತಿಗಳು ಅಥವಾ ಮನೆಯವರೇ. ಅಪರಿಚಿತನ ಕೈಯಲ್ಲಿ ಚೂರಿ ಕೊಡುವ ಕಾದಂಬರಿ ಈ ಅಂಕಿಯ ಎದುರು ನಿಂತು ಉತ್ತರ ಹೇಳಬೇಕಾಗುತ್ತದೆ.

ಉತ್ತರ ಹೇಳಬಲ್ಲ ಕೃತಿಗಳಲ್ಲಿ ಮೊದಲನೆಯದು ಕ್ಯಾರೊಲಿನ್ ಕೆಪ್ನಿಸ್ ಅವರ 'ಯೂ' (2014). ನ್ಯೂಯಾರ್ಕಿನ ಒಂದು ಪುಸ್ತಕದಂಗಡಿಗೆ ಬೆಕ್ ಎಂಬ ತರುಣಿ ಬರುತ್ತಾಳೆ. ಅಂಗಡಿ ನೋಡಿಕೊಳ್ಳುವ ಜೋ ಅವಳ ಕ್ರೆಡಿಟ್ ಕಾರ್ಡಿನಿಂದ ಹೆಸರು ಓದಿಕೊಳ್ಳುತ್ತಾನೆ. ಹೆಸರಿನಿಂದ ಅವಳ ಖಾತೆಗಳು, ಖಾತೆಗಳಿಂದ ಗೆಳತಿಯರು, ಮನೆಯ ವಿಳಾಸ, ಪರದೆಯಿಲ್ಲದ ಅವಳ ಕಿಟಕಿ. ಒಂದು ಬೀಗವನ್ನೂ ಮುರಿಯದೆ ಅಷ್ಟು ದೂರ ಬಂದುಬಿಡುತ್ತಾನೆ. ಮುಂದೆ ಅವಳ ಫೋನೂ ಅವನ ಕೈಸೇರಿ, ಅವಳು ಬೇರೆಯವರಿಗೆ ಬರೆದದ್ದನ್ನೆಲ್ಲ ಓದುತ್ತಾ ಹೋಗುತ್ತಾನೆ. ಹೊಸದೇನು ಎಂದು ಕೇಳಿದೆನಲ್ಲ, ಇದು ಹೊಸದು. ಲಾಂದ್ರು ತನ್ನ ಬಗ್ಗೆ ಸುಳ್ಳು ಹೇಳಿ ಹೆಂಗಸರನ್ನು ಕರೆಸಿಕೊಳ್ಳಬೇಕಾಗಿತ್ತು. ಜೋಗೆ ಆ ಶ್ರಮವಿಲ್ಲ. ಅವಳ ಬಗ್ಗೆ ಎಲ್ಲವನ್ನೂ ತಿಳಿದುಕೊಂಡು, ಅವಳ ಕನಸಿನ ಗಂಡಸಾಗಿ ತಾನೇ ಎದುರು ನಿಲ್ಲಬಲ್ಲ.

ಇಡೀ ಕಾದಂಬರಿಯನ್ನು ಜೋ ಬೆಕ್‌ಗೆ 'ನೀನು' ಎಂದು ಹೇಳುತ್ತಾ ಹೋಗುತ್ತಾನೆ. ಪುಟ ಕಳೆದಂತೆ ಆ ನೀನು ಓದುಗನೇ ಆಗುತ್ತಾನೆ. ಜೋ ಚೆನ್ನಾಗಿ ಓದಿಕೊಂಡವನು, ಮಾತಿನಲ್ಲಿ ಮೊನಚಿದೆ, ಬೆಕ್‌ಳ ಗೆಳೆಯ ಗೆಳತಿಯರ ಟೊಳ್ಳುತನವನ್ನು ಸರಿಯಾಗಿಯೇ ಗುರುತಿಸುತ್ತಾನೆ. ನಾವು ಅವನ ಪಕ್ಷ ವಹಿಸುತ್ತಿದ್ದೇವೆ ಎಂಬ ಅರಿವು ಬರುವ ಹೊತ್ತಿಗೆ ಅವನ ಕೈ ರಕ್ತವಾಗಿರುತ್ತದೆ. ಕೆಪ್ನಿಸ್ ಸಾಧಿಸಿದ್ದು ಇಷ್ಟು: ಭಯ ಹುಟ್ಟಿಸುವುದನ್ನು ಬಿಟ್ಟು ನಮ್ಮ ಮೆಚ್ಚುಗೆಯನ್ನೇ ಸಾಕ್ಷಿಯಾಗಿ ಎತ್ತಿ ತೋರಿಸಿದರು. ಈ ಕಾದಂಬರಿ ಆಧರಿಸಿದ ಸರಣಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ಜೋ ಪಾತ್ರವನ್ನು ಪ್ರೀತಿಸುವ ವೀಕ್ಷಕರ ದಂಡೇ ಹುಟ್ಟಿಕೊಂಡಿತು. ಅವನು ಕೊಲೆಗಾರ ಎಂದು ನಟ ಪೆನ್ ಬ್ಯಾಡ್ಜ್ಲಿಯೇ 2019ರಲ್ಲಿ ಬಹಿರಂಗವಾಗಿ ಅಭಿಮಾನಿಗಳಿಗೆ ನೆನಪಿಸಬೇಕಾಯಿತು. ಪುಸ್ತಕದ ಪುಟದಲ್ಲಿ ಓದುಗನನ್ನು ನಾಚಿಸಿದ ತಂತ್ರ ತೆರೆಯ ಮೇಲೆ ಸುಂದರ ಮುಖದ ಮುಂದೆ ಸೋತಿತು. ಸರಣಿ ಮುಂದುವರಿದಷ್ಟೂ ಜೋ ಇನ್ನಷ್ಟು ಆಪ್ತನಾದ. ಅದು ನನಗೆ ಈಗಲೂ ನೋವಿನ ಸಂಗತಿ.

ಎರಡನೆಯದು ಕ್ಲೇರ್ ಮ್ಯಾಕಿಂಟಾಶ್ ಅವರ 'ಐ ಸೀ ಯೂ' (2016). ಲೇಖಕಿ ಇಂಗ್ಲೆಂಡಿನ ಪೊಲೀಸ್ ಇಲಾಖೆಯಲ್ಲಿದ್ದವರು; ತನಿಖೆಯ ದೈನಂದಿನ ಬೇಸರ ಅವರಿಗೆ ಗೊತ್ತು. ಲಂಡನ್ನಿನ ಸುರಂಗ ರೈಲಿನಲ್ಲಿ ಕೆಲಸದಿಂದ ಮನೆಗೆ ಮರಳುತ್ತಿರುವ ಝೋಯಿ ವಾಕರ್ ಎಂಬ ನಡುವಯಸ್ಸಿನ ತಾಯಿಗೆ ಪತ್ರಿಕೆಯ ವರ್ಗೀಕೃತ ಜಾಹೀರಾತುಗಳ ನಡುವೆ ತನ್ನದೇ ಫೋಟೋ ಕಾಣುತ್ತದೆ. ಅದರ ಕೆಳಗೆ ಒಂದು ಜಾಲತಾಣದ ವಿಳಾಸ. ಆ ತಾಣದಲ್ಲಿ ಹೆಂಗಸರ ಪಯಣದ ವಿವರ ಮಾರಾಟಕ್ಕಿದೆ ಎಂದು ಆಮೇಲೆ ತಿಳಿಯುತ್ತದೆ: ಯಾವ ನಿಲ್ದಾಣ, ಎಷ್ಟು ಹೊತ್ತಿಗೆ, ಎಂಥ ಕೋಟು, ಯಾವ ಬೋಗಿ. ದುಡ್ಡು ಕೊಟ್ಟ ಗಂಡಸು ಅಲ್ಲಿಗೆ ಹೋಗಿ ಆಕಸ್ಮಿಕವಾಗಿ ಭೇಟಿಯಾದವನಂತೆ ನಟಿಸಬಹುದು, ಇಲ್ಲವೇ ಇನ್ನೇನಾದರೂ ಮಾಡಬಹುದು. ಈ ಹೆಂಗಸರು ಯಾವ ತಾಣಕ್ಕೂ ಸೇರಿದವರಲ್ಲ. ದಿನಾ ಒಂದೇ ಹೊತ್ತಿಗೆ ಹೊರಟು ಪ್ಲಾಟ್‌ಫಾರ್ಮಿನ ಒಂದೇ ಜಾಗದಲ್ಲಿ ನಿಂತದ್ದಷ್ಟೇ ಅವರು ಮಾಡಿದ್ದು. ಬೆಂಗಳೂರಿನ ಮೆಟ್ರೋದಲ್ಲಿ ನಿತ್ಯ ಓಡಾಡುವ ಯಾವ ಹೆಣ್ಣುಮಗಳಿಗಾದರೂ ಈ ಪುಟಗಳು ಚುರುಕ್ಕೆನ್ನುತ್ತವೆ. ಎಚ್ಚರವಾಗಿರು ಎಂದು ಹೆಣ್ಣಿಗೆ ಬುದ್ಧಿ ಹೇಳುವ ಕಥೆಗಳ ಬುಡವನ್ನೇ ಮ್ಯಾಕಿಂಟಾಶ್ ಅಲುಗಿಸುತ್ತಾರೆ. ಎಚ್ಚರವಾಗಿದ್ದವಳ ದಿನಚರಿಯೂ ಮಾರಾಟದ ಸರಕು, ಅದನ್ನು ಕೊಳ್ಳುವವರು ಸಭ್ಯ ಉದ್ಯೋಗಸ್ಥ ಗಂಡಸರು.

ಇಷ್ಟು ಚೆನ್ನಾಗಿ ಕಟ್ಟಿದ ಕಾದಂಬರಿಯೂ ಕೊನೆಯಲ್ಲಿ ತಿರುವಿನ ಆಸೆಗೆ ಬೀಳುತ್ತದೆ. ಈ ಪಂಥದ ದೊಡ್ಡ ರೋಗ ಅದು. ಕಟ್ಟಕಡೆಯ ಪುಟದವರೆಗೂ ಓದುಗನನ್ನು ಬೆಚ್ಚಿಬೀಳಿಸಬೇಕೆಂಬ ಹಟದಿಂದ ಅಪರಾಧದ ಹೊರೆಯನ್ನು ಯಾರೂ ಊಹಿಸದ ಒಬ್ಬರ ತಲೆಗೆ ಕಟ್ಟಿಬಿಡುತ್ತಾರೆ. ಆ ಗಳಿಗೆಯಲ್ಲೇ ವ್ಯವಸ್ಥೆಯ ಪ್ರಶ್ನೆ ಕೈಜಾರುತ್ತದೆ. ವಿವರ ಮಾರಿದ ತಾಣ, ಕೊಂಡ ಗಂಡಸರು, ದೂರನ್ನು ಹಗುರವಾಗಿ ಕಂಡ ಠಾಣೆ ಎಲ್ಲವೂ ಹಿನ್ನೆಲೆಗೆ ಸರಿದು, ಒಬ್ಬ ವ್ಯಕ್ತಿಯ ವಿಕಾರ ಮಾತ್ರ ಉಳಿಯುತ್ತದೆ. ಫ್ರೀಡಾ ಮ್ಯಾಕ್‌ಫ್ಯಾಡನ್ ಅವರ 'ದ ಬಾಯ್‌ಫ್ರೆಂಡ್' (2024) ಡೇಟಿಂಗ್ ಆ್ಯಪ್‌ಗಳಿಂದ ಸೋತ ನ್ಯೂಯಾರ್ಕಿನ ಹೆಣ್ಣೊಬ್ಬಳಿಂದ ಶುರುವಾಗಿ ಓಡುತ್ತಲೇ ಇರುತ್ತದೆ. ಒಂದೇ ಪಟ್ಟಿಗೆ ಓದಿಸಿಕೊಳ್ಳುವ ಆ ಓಟದಲ್ಲಿ ಒಂಟಿತನದ ಬಗ್ಗೆ ನಿಂತು ಯೋಚಿಸಲು ಪುರಸೊತ್ತಿಲ್ಲ.

ಜಪಾನಿನ ರ್‍ಯೂ ಮುರಾಕಾಮಿ ಬರೆದ 'ಆಡಿಶನ್' (1997) ಇವೆಲ್ಲಕ್ಕಿಂತ ಬೇರೆ ದಾರಿ ಹಿಡಿಯಿತು. ಹೆಂಡತಿ ತೀರಿಕೊಂಡ ಅಯೋಯಾಮಾ ಮರುಮದುವೆಗಾಗಿ ಗೆಳೆಯನೊಡನೆ ಸೇರಿ ಇಲ್ಲದ ಸಿನಿಮಾಕ್ಕೆ ನಟಿಯರ ಆಯ್ಕೆ ನಡೆಸುತ್ತಾನೆ. ಅರ್ಜಿ, ಫೋಟೋ, ಸಂದರ್ಶನ. ಹುಡುಗಿಯರು ಬಂದು ಕೂತು ತಮ್ಮ ಬದುಕು ಹೇಳಿಕೊಳ್ಳುತ್ತಾರೆ, ಇವನು ಆರಿಸುತ್ತಾನೆ. ಮುಂದೆ ಅವನು ಆರಿಸಿದ ಅಸಾಮಿ ಎಂಬ ಹುಡುಗಿಯಿಂದ ನಡೆಯುವ ಹಿಂಸೆ ಭೀಕರ. ಆದರೂ ಮೊದಲ ಮೋಸ ಯಾರದು ಎಂಬುದನ್ನು ಮುರಾಕಾಮಿ ಮರೆಯಗೊಡುವುದಿಲ್ಲ. ಮನುಷ್ಯರನ್ನು ಫೋಟೋ ನೋಡಿ ಆರಿಸುವ ಕ್ರಿಯೆಯಲ್ಲೇ ಒಂದು ಕ್ರೌರ್ಯವಿದೆ ಎಂದು ಆ್ಯಪ್‌ಗಳಿಗಿಂತ ಬಹಳ ಮೊದಲೇ ಅವರು ಕಂಡಿದ್ದರು.

ಈ ಪರಂಪರೆ ಬಹುಪಾಲು ಮುಟ್ಟದೆ ಬಿಟ್ಟ ಲೋಕವೊಂದಿದೆ. ಆನ್‌ಲೈನ್ ಪ್ರೇಮದಲ್ಲಿ ಮೋಸಹೋದವರಲ್ಲಿ ಹೆಚ್ಚಿನವರು ಕಳೆದುಕೊಳ್ಳುವುದು ಪ್ರಾಣವನ್ನಲ್ಲ. ದುಡ್ಡನ್ನು, ಜನರ ಮುಂದೆ ತಲೆಯೆತ್ತುವ ಧೈರ್ಯವನ್ನು. ನಮ್ಮಲ್ಲಿ ಮ್ಯಾಟ್ರಿಮೊನಿ ತಾಣಗಳ ಮೋಸದ ಒಂದು ಮಾದರಿ ಎಲ್ಲರಿಗೂ ಪರಿಚಿತ. ವಿದೇಶದಲ್ಲಿರುವ ಡಾಕ್ಟರೋ ಎಂಜಿನಿಯರೋ ಎಂದು ಹೇಳಿಕೊಂಡವನು ತಿಂಗಳುಗಟ್ಟಲೆ ಮಾತಾಡುತ್ತಾನೆ, ಉಡುಗೊರೆ ಕಳಿಸಿದ್ದೇನೆ ಎನ್ನುತ್ತಾನೆ. ಆಮೇಲೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನಿಂದ ಎಂದು ಫೋನು ಬರುತ್ತದೆ: ಪಾರ್ಸೆಲ್ ತಡೆಹಿಡಿದಿದ್ದೇವೆ, ಸುಂಕ ಕಟ್ಟಿ. ಒಮ್ಮೆ ಕಟ್ಟಿದವರು ಕೊಟ್ಟದ್ದು ವ್ಯರ್ಥವಾಗದಿರಲೆಂದು ಮತ್ತೆ ಕಟ್ಟುತ್ತಾರೆ. ಹೀಗೆ ಉಳಿತಾಯವೆಲ್ಲ ಹೋದ ಮೇಲೂ ಮಕ್ಕಳಿಗೆ, ಅಣ್ಣತಮ್ಮಂದಿರಿಗೆ ಬಾಯಿ ಬಿಡಲಾಗದ ವಿಧವೆಯ, ವಿಚ್ಛೇದಿತೆಯ, ಅಷ್ಟೇ ಏಕೆ ನಿವೃತ್ತ ಗಂಡಸಿನ ಒಳಗು ಮನೋವೈಜ್ಞಾನಿಕ ಕಾದಂಬರಿಗೆ ಎಷ್ಟು ದೊಡ್ಡ ವಸ್ತು! ಅಲ್ಲಿ ಹೆಣವಿಲ್ಲ. ಹೆಣವಿಲ್ಲದ ಕಡೆ ಥ್ರಿಲ್ಲರ್ ನಿಲ್ಲುವುದಿಲ್ಲ.

ಹೆಣಗಳಿದ್ದ ಪ್ರಕರಣವೂ ನಮ್ಮ ಕರಾವಳಿಯಲ್ಲೇ ನಡೆಯಿತು. ಬಂಟ್ವಾಳ ಕಡೆಯವನಾದ, ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ, ಸಯನೈಡ್ ಮೋಹನ್ ಎಂದೇ ಕರೆಸಿಕೊಂಡ ಮೋಹನ್ ಕುಮಾರ್ 2003ರಿಂದ 2009ರ ನಡುವೆ 20 ಹೆಣ್ಣುಮಕ್ಕಳನ್ನು ಕೊಂದ. ಅವನಿಗೆ ಅಂತರ್ಜಾಲ ಬೇಕಾಗಲಿಲ್ಲ. ಹುಡುಗಿಯ ಜಾತಿಗೆ ಹೊಂದುವ ಹೆಸರೊಂದನ್ನು ಇಟ್ಟುಕೊಳ್ಳುತ್ತಿದ್ದ, ವರದಕ್ಷಿಣೆ ಕೇಳುತ್ತಿರಲಿಲ್ಲ. ಮದುವೆಯಾಗುತ್ತೇನೆಂದು ನಂಬಿಸಿ ದೂರದ ಊರಿನ ಲಾಡ್ಜಿಗೆ ಕರೆದೊಯ್ದು, ಮರುದಿನ ಒಡವೆಯನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣದಲ್ಲಿ ಗರ್ಭನಿರೋಧಕ ಎಂದು ಗುಳಿಗೆ ಕೊಡುತ್ತಿದ್ದ. ಶೌಚಾಲಯಕ್ಕೆ ಹೋಗಿ ನುಂಗು ಎನ್ನುತ್ತಿದ್ದ. ಒಳಗಿನಿಂದ ಚಿಲಕ ಹಾಕಿಕೊಂಡ ಬಾಗಿಲ ಹಿಂದೆ ಸತ್ತ ಅನಾಮಿಕ ಹೆಣ್ಣಿನ ಸಾವು ಠಾಣೆಯಲ್ಲಿ ಅಸಹಜ ಸಾವು ಎಂದು ದಾಖಲಾಗುತ್ತಿತ್ತು. ಅವನು ಸಿಕ್ಕಿಬಿದ್ದದ್ದು 2009ರಲ್ಲಿ, ಮಂಗಳೂರಿನ ನ್ಯಾಯಾಲಯ ಮೊದಲ ತೀರ್ಪು ಕೊಟ್ಟದ್ದು 2013ರ ಡಿಸೆಂಬರ್‌ನಲ್ಲಿ.

ವರದಕ್ಷಿಣೆ ಬೇಡ ಎನ್ನುವ ಸ್ವಜಾತಿಯ ವರ, ಅದು ಅವನ ಪ್ರೊಫೈಲ್. ಅದನ್ನು ಬರೆದುಕೊಟ್ಟದ್ದು ನಮ್ಮ ಸಮಾಜ. ಮನೆಬಿಟ್ಟು ಹೋದ ಮಗಳ ಬಗ್ಗೆ ಮರ್ಯಾದೆಗೆ ಅಂಜಿ ದೂರು ಕೊಡದ ಮನೆಗಳು ಇದ್ದದ್ದರಿಂದಲೇ ಅವನಿಗೆ ಅಷ್ಟು ವರ್ಷ ಸಿಕ್ಕಿತು. ಈ ಪ್ರಕರಣವನ್ನೇ ನೆನಪಿಸುವ 'ದಹಾಡ್' ಎಂಬ ಹಿಂದಿ ಸರಣಿ 2023ರಲ್ಲಿ ಬಂತು. ರೀಮಾ ಕಾಗ್ತಿ ಮತ್ತು ಝೋಯಾ ಅಖ್ತರ್ ಕಥೆಯನ್ನು ರಾಜಸ್ಥಾನಕ್ಕೆ ಒಯ್ದರು, ಕೊಲೆಗಾರ ಯಾರೆಂಬುದನ್ನು ಹೆಚ್ಚು ಮುಚ್ಚಿಡದೆ, ಕಾಣೆಯಾದವರನ್ನು ಯಾರೂ ಯಾಕೆ ಹುಡುಕಲಿಲ್ಲ ಎಂಬುದರ ಕಡೆಗೆ ಬೆಳಕು ತಿರುಗಿಸಿದರು. ಡೇಟಿಂಗ್ ಥ್ರಿಲ್ಲರ್‌ಗಳು ಅವನು ಯಾರು ಎಂದು ಕೇಳಿ ಮುಗಿಸುತ್ತವೆ. ಕೇಳಬೇಕಾದ ಪ್ರಶ್ನೆಯನ್ನು ಈ ಸರಣಿ ಕೇಳಿತು.

ಕನ್ನಡಕ್ಕೆ ಈ ಪ್ರಶ್ನೆ ಹೊರಗಿನದಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಒಂದು ಕಾಲದಲ್ಲಿ ಇಡೀ ಪೀಳಿಗೆಗೆ ಓದುವ ರುಚಿ ಹತ್ತಿಸಿದ. ತ್ರಿವೇಣಿಯವರ 'ಶರಪಂಜರ'ದಲ್ಲಿ ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮತ್ತೆ ಹುಚ್ಚಿಗೆ ತಳ್ಳುವುದು ಮನೆಯವರ, ನೆರೆಯವರ ಅನುಮಾನದ ನೋಟ. ಕೊಲೆಗಾರನಿಲ್ಲದೆ, ರಕ್ತವಿಲ್ಲದೆ, ಒಂದು ಗೃಹಸ್ಥ ಮನೆಯನ್ನು ಉಸಿರುಗಟ್ಟುವ ಜಾಗವಾಗಿಸುವ ವಿದ್ಯೆ 1963ರಲ್ಲಿ ತೀರಿಕೊಂಡ ಆ ಲೇಖಕಿಗೆ ಸಿದ್ಧಿಸಿತ್ತು. ಪತ್ತೇದಾರಿಯ ಓಟ, ತ್ರಿವೇಣಿಯವರ ಒಳನೋಟ ಎರಡೂ ನಮ್ಮ ಮನೆಯ ಆಸ್ತಿ. ಅವೆರಡನ್ನೂ ಸೇರಿಸಿ ಇಂದಿನ ಫೋನಿನ ಕಾಲದ ಕಾದಂಬರಿ ಬರೆಯಬಲ್ಲವರು ನಮ್ಮಲ್ಲಿದ್ದಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಇಂಗ್ಲಿಷ್ ಥ್ರಿಲ್ಲರ್‌ನ ಕೊನೆಯ ಪುಟದ ತಿರುವನ್ನು ಕನ್ನಡಕ್ಕೆ ತರಬೇಡಿ. ಕಸ್ಟಮ್ಸ್ ಸುಂಕ ಕಟ್ಟಿದವಳ ಬಗ್ಗೆ ಬರೆಯಿರಿ, ಮಗಳು ಕಾಣೆಯಾದರೂ ಠಾಣೆಯ ಮೆಟ್ಟಿಲು ಹತ್ತದ ಅಪ್ಪನ ಬಗ್ಗೆ ಬರೆಯಿರಿ.